ಮೇಷ್ಟ್ರೋ, ರಾಜಕಾರಣಿಯೋ? ಕಿ ಹಜರ್ ದೇವಾಂತರ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ: ನನ್ನ ತಮ್ಮ ಇಂಡೋನೇಷ್ಯಾದಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿ ಮೇ 2ಕ್ಕೆ ರಾಷ್ಟ್ರೀಯ ಶಿಕ್ಷಣ ದಿನವಂತೆ, ಕಿ ಹಜರ್ ದೇವಾಂತರ ಅನ್ನುವವರ ಹುಟ್ಟಿದ ದಿನವಂತೆ. ಅವರು ಮೊದಲು ಮೇಷ್ಟ್ರಾಗಿದ್ದು ಆಮೇಲೆ ರಾಜಕೀಯಕ್ಕೆ ಬಂದು ಶಿಕ್ಷಣ ಮಂತ್ರಿಯಾದರು ಅಂತ ಓದಿದೆ. ಆದರೆ ಮಂತ್ರಿಯಾಗಿದ್ದು ಮೂರು ತಿಂಗಳೂ ಇಲ್ಲ. ಅಷ್ಟಕ್ಕೇ ಇಷ್ಟು ದೊಡ್ಡ ಹೆಸರೇ? ಅವರ ಶಾಲೆ ನಮ್ಮ ಶಾಂತಿನಿಕೇತನದ ನಕಲು ಅಂತಲೂ ಒಬ್ಬರು ಹೇಳಿದರು. ನಿಜವೇ?

ಉತ್ತರ: ನೀವು ಓದಿದ್ದರಲ್ಲಿ ಹಿಂದುಮುಂದಾಗಿದೆ. ದೇವಾಂತರ ರಾಜಕೀಯದಿಂದ ಶಾಲೆಗೆ ಬಂದವರು. 24ನೇ ವಯಸ್ಸಿಗೇ ಗಡೀಪಾರಾಗಿ, ಆಮೇಲೆ ಜೈಲನ್ನೂ ನೋಡಿ, 33ರಲ್ಲಿ ಶಾಲೆ ತೆರೆದರು. ಮಂತ್ರಿಯಾಗಿದ್ದು 56ರಲ್ಲಿ. ಅವರ ಬದುಕಿನಲ್ಲಿ ಅತಿ ಚಿಕ್ಕ ಅಧ್ಯಾಯ ಅದೇ. ಹೆಸರು ಬಂದಿದ್ದು ಕುರ್ಚಿಯಿಂದಲ್ಲ, ಶಾಲೆಯನ್ನೇ ರಾಜಕೀಯ ಮಾಡಿದ್ದರಿಂದ. ಅದು ಹೇಗೆ ಅಂತ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಹುಟ್ಟಿದ್ದು 1889ರ ಮೇ 2ರಂದು, ಆಗ ಡಚ್ಚರ ವಸಾಹತಾಗಿದ್ದ ಜಾವಾ ದ್ವೀಪದ ಯೋಗ್ಯಕಾರ್ತದಲ್ಲಿ. ಆಗಿನ ಹೆಸರು ರಾದೆನ್ ಮಾಸ್ ಸುವರ್ದಿ ಸೂರ್ಯನಿಂಗ್ರಾತ್. ಪಾಕು ಆಲಮ್ ರಾಜಮನೆತನದ ಕುಡಿ. ಅರಮನೆಯ ನಂಟು ಇದ್ದದ್ದರಿಂದ ಯುರೋಪಿಯನ್ನರ ಮಕ್ಕಳ ಪ್ರಾಥಮಿಕ ಶಾಲೆಗೆ ಹೋಗಲು ಸಾಧ್ಯವಾಯಿತು. ಸಾಮಾನ್ಯ ಜಾವಾ ಹುಡುಗನಿಗೆ ಆ ಬಾಗಿಲು ಮುಚ್ಚಿತ್ತು. ಮುಂದೆ ಬಟಾವಿಯಾದ, ಅಂದರೆ ಇಂದಿನ ಜಕಾರ್ತದ, ಸ್ತೋವಿಯಾ ವೈದ್ಯ ಶಾಲೆ ಸೇರಿದರು. ಓದು ಮುಗಿಸಲಿಲ್ಲ. ಕಾಯಿಲೆ ಬಿದ್ದರು, ವಿದ್ಯಾರ್ಥಿವೇತನ ಹೋಯಿತು. ಸ್ವಲ್ಪ ದಿನ ಸಕ್ಕರೆ ಕಾರ್ಖಾನೆ, ಸ್ವಲ್ಪ ದಿನ ಔಷಧಿ ಅಂಗಡಿ. ಕೊನೆಗೆ ಪತ್ರಿಕೆಗಳಿಗೆ ಬರೆಯುವುದೇ ಕಸುಬಾಯಿತು.

ಸ್ತೋವಿಯಾದಲ್ಲಿ ಡಿಗ್ರಿ ಸಿಗದಿದ್ದರೂ ಗೆಳೆಯರು ಸಿಕ್ಕರು. 1908ರಲ್ಲಿ ಅಲ್ಲಿನ ವಿದ್ಯಾರ್ಥಿಗಳೇ ಬೂದಿ ಉತೊಮೊ ಸಂಘ ಕಟ್ಟಿದಾಗ ಸುವರ್ದಿ ಅದರ ಪ್ರಚಾರದ ಕೆಲಸಕ್ಕೆ ನಿಂತರು. ಆದರೆ ಅದು ತೀರಾ ಮೆಲುದನಿಯ ಸಂಘ. 1912ರ ಕೊನೆಗೆ ಅವರು ಇನ್ನಿಬ್ಬರ ಜೊತೆ ಸೇರಿ ಇಂಡಿಶೆ ಪಾರ್ತಿಯನ್ನು ಕಟ್ಟಿದರು. ಒಬ್ಬರು ಅರ್ನೆಸ್ಟ್ ಡೌವೆಸ್ ಡೆಕ್ಕರ್, ಡಚ್ ಮತ್ತು ಸ್ಥಳೀಯ ರಕ್ತ ಎರಡೂ ಇದ್ದವರು. ಇನ್ನೊಬ್ಬರು ಚಿಪ್ತೋ ಮಾಂಗುನ್‌ಕುಸುಮೋ, ವೈದ್ಯರು. ಈ ನಾಡು ಇಲ್ಲಿ ಹುಟ್ಟಿ ಇದನ್ನು ಮನೆ ಅಂದುಕೊಂಡವರೆಲ್ಲರದು, ಬಣ್ಣ ಯಾವುದಾದರೂ ಸರಿ, ಅದಕ್ಕೆ ಸ್ವಾತಂತ್ರ್ಯ ಬೇಕು ಅಂತ ನೇರವಾಗಿ ಹೇಳಿದ ಮೊದಲ ಪಕ್ಷ ಅದು. ಸರ್ಕಾರ ಕೆಲವೇ ತಿಂಗಳಲ್ಲಿ ಅದಕ್ಕೆ ಮಾನ್ಯತೆ ಕೊಡಲು ನಿರಾಕರಿಸಿತು.

ಅಷ್ಟರಲ್ಲಿ 1913 ಬಂತು. ನೆಪೋಲಿಯನ್ನನ ಫ್ರಾನ್ಸಿನಿಂದ ಹಾಲೆಂಡ್ ಬಿಡುಗಡೆಯಾಗಿ 100 ವರ್ಷ. ಡಚ್ಚರು ಆ ಹಬ್ಬವನ್ನು ವಸಾಹತಿನಲ್ಲೂ ಜೋರಾಗಿ ಮಾಡಲು ಹೊರಟರು. ಅದಕ್ಕೆ ಸ್ಥಳೀಯರಿಂದಲೂ ಚಂದಾ ಎತ್ತುವ ಯೋಜನೆ ಇತ್ತು. ಆಳಿಸಿಕೊಳ್ಳುವವನ ಹತ್ತಿರವೇ ಹೋಗಿ ನಮ್ಮ ಸ್ವಾತಂತ್ರ್ಯೋತ್ಸವಕ್ಕೆ ದುಡ್ಡು ಕೊಡು ಅಂತ ಕೇಳಿದ ಹಾಗೆ! ಸುವರ್ದಿ 'ನಾನೊಬ್ಬ ಡಚ್ಚನಾಗಿದ್ದರೆ' ಅಂತ ಒಂದು ಲೇಖನ ಬರೆದರು. ಬರೆದದ್ದು ಡಚ್ ಭಾಷೆಯಲ್ಲಿ. ಡೌವೆಸ್ ಡೆಕ್ಕರ್ ನಡೆಸುತ್ತಿದ್ದ ಬಾಂಡುಂಗ್‌ನ ಪತ್ರಿಕೆಯಲ್ಲಿ ಜುಲೈನಲ್ಲಿ ಅಚ್ಚಾಯಿತು.

ಆ ಲೇಖನದಲ್ಲಿ ಕೂಗಾಟವಿಲ್ಲ, ಅದೇ ಅದರ ಶಕ್ತಿ. ಡಚ್ಚನ ಅಂಗಿ ತೊಟ್ಟು ಅವನ ಬಾಯಿಂದಲೇ ಮಾತಾಡುತ್ತಾರೆ. ನಾನೊಬ್ಬ ಡಚ್ಚನಾಗಿದ್ದರೆ ನನ್ನ ದೇಶವನ್ನು ಪ್ರೀತಿಸುತ್ತಿದ್ದೆ, ಅದರ ಬಿಡುಗಡೆಯ ದಿನ ಬಾವುಟ ಕಂಡು ಹಿಗ್ಗುತ್ತಿದ್ದೆ. ಆದರೆ ನಾವೇ ಸ್ವಾತಂತ್ರ್ಯ ಕಿತ್ತುಕೊಂಡ ಜನರ ಕಣ್ಣೆದುರು ಈ ಹಬ್ಬ ಮಾಡಲು ನನಗೆ ನಾಚಿಕೆಯಾಗುತ್ತಿತ್ತು, ಅವರಿಂದಲೇ ಚಂದಾ ಎತ್ತುವುದಂತೂ ಆಗುತ್ತಲೇ ಇರಲಿಲ್ಲ. ವಾದ ಸಾಗುವುದು ಹೀಗೆ. ಒಂದು ಕೀಟಲೆಯ ಎಳೆಯೂ ಇದೆ: ಸ್ವಾತಂತ್ರ್ಯ ಅಂದರೆ ಇಷ್ಟು ಸಂಭ್ರಮ ಅಂತ ಈ ಜನಕ್ಕೆ ಗೊತ್ತಾದರೆ ನಾಳೆ ಅವರೂ ಕೇಳುತ್ತಾರಲ್ಲ, ಡಚ್ಚನಾಗಿ ನಾನು ಆ ಅಪಾಯ ತಂದುಕೊಳ್ಳುತ್ತಿರಲಿಲ್ಲ! ಲೇಖನದ ಮಲಯ್ ಅನುವಾದವೂ ಹಂಚಿಕೆಯಾಯಿತು. ಸರ್ಕಾರಕ್ಕೆ ಜಾಸ್ತಿ ಉರಿ ಹತ್ತಿದ್ದು ಆಗ. ಡಚ್ ಓದಬಲ್ಲ ನಾಲ್ಕು ಜನ ನಗುವುದು ಬೇರೆ, ಊರೆಲ್ಲ ನಗುವುದು ಬೇರೆ, ಅಲ್ವಾ?

ಮೂವರನ್ನೂ ಗಡೀಪಾರು ಮಾಡಿದರು. ಕೋರ್ಟು ಇಲ್ಲ, ವಿಚಾರಣೆ ಇಲ್ಲ. ಗವರ್ನರ್ ಜನರಲ್‌ಗೆ ಯಾರನ್ನು ಬೇಕಾದರೂ ಹಾಗೆ ಕಳಿಸುವ ವಿಶೇಷ ಅಧಿಕಾರವಿತ್ತು. ಸುವರ್ದಿಗೆ ಬಾಂಕಾ ದ್ವೀಪ ಅಂತ ಆಜ್ಞೆಯಾಗಿತ್ತು. ದೂರದ ದ್ವೀಪಗಳಲ್ಲಿ ಕೊಳೆಯುವ ಬದಲು ಹಾಲೆಂಡಿಗೇ ಕಳಿಸಿ ಅಂತ ಮೂವರೂ ಕೇಳಿಕೊಂಡರು, ಸರ್ಕಾರ ಒಪ್ಪಿತು. ಆಳುವವರ ಕಡೆಯಿಂದ ನೋಡಿದರೆ ಇದು ದೊಡ್ಡ ಎಡವಟ್ಟು ಅಂತ ನನಗೆ ಅನ್ನಿಸುತ್ತದೆ. ಬಾಂಕಾದಲ್ಲಿ ಕೂತಿದ್ದರೆ ಆ ಹುಡುಗ ಇನ್ನೊಬ್ಬ ಸಿಟ್ಟಿನ ಪತ್ರಕರ್ತನಾಗಿ ಉಳಿಯುತ್ತಿದ್ದನೇನೋ.

ಹಾಲೆಂಡಿನಲ್ಲಿ ಸುವರ್ದಿ ಮತ್ತು ಹೆಂಡತಿ ಸುತಾರ್ತಿನಾ 1913ರಿಂದ 1919ರವರೆಗೆ ಇದ್ದರು. ಊರಲ್ಲಿ ಬೆಂಬಲಿಗರು ಒಂದು ನಿಧಿ ಮಾಡಿ ಹಣ ಕಳಿಸುತ್ತಿದ್ದರು. ಸ್ವಾತಂತ್ರ್ಯ ಬರುವವರೆಗೆ ಅನ್ನುವುದೇ ಆ ನಿಧಿಯ ಹೆಸರು. ಆದರೂ ಕೈ ಬಿಗಿಯಾಗಿಯೇ ಇತ್ತು. ಸುವರ್ದಿ ಪತ್ರಿಕೆಗಳಿಗೆ ಬರೆದರು. ಹೇಗ್ ನಗರದಲ್ಲಿ ಒಂದು ಸುದ್ದಿ ಸಂಸ್ಥೆ ಕಟ್ಟಿ ಅದರ ಹೆಸರಿನಲ್ಲಿ ಇಂಡೋನೇಷ್ಯಾ ಅನ್ನುವ ಪದವನ್ನು ಇಟ್ಟರು. ಆಗ ಅದು ಹೆಚ್ಚಾಗಿ ವಿದ್ವಾಂಸರ ಪುಸ್ತಕಗಳಲ್ಲಿದ್ದ ಪದ. ಆ ನಾಡಿನವರೇ ಅದನ್ನು ರಾಜಕೀಯಕ್ಕೆ ತಂದ ಮೊದಲ ಉದಾಹರಣೆಗಳಲ್ಲಿ ಇದೂ ಒಂದು. ಅದಕ್ಕಿಂತ ಮುಖ್ಯ, 1915ರಲ್ಲಿ ಅವರು ಅಲ್ಲಿಯ ಶಿಕ್ಷಕರ ಸರ್ಟಿಫಿಕೇಟ್ ಪಡೆದರು. ಯುರೋಪಿನ ಶಿಕ್ಷಣ ಚಿಂತಕರಾದ ಫ್ರೋಬೆಲ್, ಮಾಂಟೆಸ್ಸೊರಿ ಇವರ ವಿಚಾರಗಳನ್ನು ಓದಿದರು. ಮಗುವಿನ ತಲೆಯೊಳಗೆ ಪಾಠ ತುರುಕಬಾರದು, ಅದು ತಾನಾಗಿ ಬೆಳೆಯಲು ಬಿಡಬೇಕು ಅನ್ನುವ ಯೋಚನೆ ಅವರನ್ನು ಹಿಡಿಯಿತು. ಅದರ ಹಿಂದೆಯೇ ಇನ್ನೊಂದು ಪ್ರಶ್ನೆಯೂ ಬಂತು: ಒಂದು ಮಗುವಿನ ವಿಷಯಕ್ಕೆ ಇದು ನಿಜವಾದರೆ ಒಂದು ಜನಾಂಗದ ವಿಷಯಕ್ಕೆ ಯಾಕಲ್ಲ?

ಗಡೀಪಾರಿನ ಆಜ್ಞೆ ರದ್ದಾದ ಮೇಲೂ ಮಹಾಯುದ್ಧ ಮುಗಿಯುವವರೆಗೆ ವಾಪಸ್ ಬರಲು ಆಗಲಿಲ್ಲ. 1919ರಲ್ಲಿ ಬಂದ ತಕ್ಷಣ ಮತ್ತೆ ಭಾಷಣ, ಬರಹ, ಮತ್ತೆ ಜೈಲು. ಆಮೇಲೆ ಯೋಗ್ಯಕಾರ್ತದಲ್ಲಿ ಅಣ್ಣ ಸೂರ್ಯಪ್ರಾನೋತೊ ನಡೆಸುತ್ತಿದ್ದ ಶಾಲೆಯಲ್ಲಿ ಸ್ವಲ್ಪ ಕಾಲ ಪಾಠ ಹೇಳಿದರು. ಈ ಅಣ್ಣ ಸುಮ್ನೆ ಮೇಷ್ಟ್ರಲ್ಲ. ಸಕ್ಕರೆ ಕಾರ್ಖಾನೆ ಕಾರ್ಮಿಕರ ಸಂಘ ಕಟ್ಟಿದವರು, ಡಚ್ ಪತ್ರಿಕೆಗಳು ಅವರನ್ನು ಮುಷ್ಕರಗಳ ರಾಜ ಅಂತ ಕರೆಯುತ್ತಿದ್ದವು. ಕಾರ್ಖಾನೆ ಗೇಟಿನ ಹೋರಾಟ, ಪಕ್ಷದ ಹೋರಾಟ ಎರಡೂ ಎಲ್ಲಿಗೆ ಮುಟ್ಟಿ ನಿಲ್ಲುತ್ತವೆ ಅಂತ ಸುವರ್ದಿ ಹತ್ತಿರದಿಂದ ನೋಡಿದರು.

1922ರ ಜುಲೈ 3ರಂದು ಯೋಗ್ಯಕಾರ್ತದಲ್ಲಿ ಅವರ ಸ್ವಂತ ಶಾಲೆ, ತಮನ್ ಸಿಸ್ವ, ಶುರುವಾಯಿತು. ಆಗಿನ ಪರಿಸ್ಥಿತಿ ನೋಡಿ: ಹಳ್ಳಿ ಮಕ್ಕಳಿಗೆ ಮೂರು ವರ್ಷದ ಶಾಲೆ, ಅದೂ ಸಿಕ್ಕಿದವರಿಗೆ. ಡಚ್ ಕಲಿಸುವ ಶಾಲೆ ಸಿರಿವಂತರಿಗೆ, ಸರ್ಕಾರಿ ನೌಕರರ ಮಕ್ಕಳಿಗೆ. ಎಂಟು ವರ್ಷದ ಮೇಲೆ, 1930ರಲ್ಲಿ ಕೂಡ, ಓದು ಬರಹ ಬಲ್ಲ ಸ್ಥಳೀಯ ವಯಸ್ಕರು ಶೇಕಡ 7ರ ಆಸುಪಾಸು ಅಷ್ಟೇ. ಡಚ್ ಶಾಲೆ ಮುಗಿಸಿದವರಿಗೆ ಗುಮಾಸ್ತೆ ಕೆಲಸ ಸಿಗುತ್ತಿತ್ತು, ಜೊತೆಗೆ ಮನೆಮಾತಿನ ಬಗ್ಗೆ ಒಂದು ಕೀಳರಿಮೆಯೂ ಬರುತ್ತಿತ್ತು.

ತಮನ್ ಸಿಸ್ವದಲ್ಲಿ ಚಿಕ್ಕ ಮಕ್ಕಳಿಗೆ ಮನೆಮಾತಿನಲ್ಲೇ ಪಾಠ. ಜಾವಾದ ಹಾಡು, ಕುಣಿತ, ಗಾಮೆಲಾನ್ ವಾದ್ಯ ಇವೆಲ್ಲ ಪಾಠದ ಒಳಗೇ. ಹಾಗಂತ ಡಚ್ ಭಾಷೆಯನ್ನು ಹೊರಗಿಡಲಿಲ್ಲ, ಮುಂದಿನ ತರಗತಿಗಳಲ್ಲಿ ಅದೂ ಇತ್ತು. ಹುಡುಗ ಹುಡುಗಿಯರು ಒಟ್ಟಿಗೆ ಕಲಿಯುತ್ತಿದ್ದರು. ಆಜ್ಞೆ, ಶಿಕ್ಷೆ, ಶಿಸ್ತು ಅನ್ನುವ ಡಚ್ ಶಾಲೆಯ ಅಡಿಪಾಯವನ್ನೇ ಅವರು ಒಪ್ಪಲಿಲ್ಲ. ಮಗುವಿನ ಹಿಂದೆ ನಿಂತು ಬಲ ಕೊಡುವುದು ಮೇಷ್ಟ್ರ ಕೆಲಸ, ಎಡವುವ ಹಾಗೆ ಕಂಡಾಗ ಮಾತ್ರ ಕೈ ಚಾಚಬೇಕು. ಈ ಅರ್ಥದ 'ತುತ್ ವುರಿ ಹಂದಯಾನಿ' ಅನ್ನುವ ಜಾವಾ ಮಾತು ಇವತ್ತು ಅಲ್ಲಿನ ಶಿಕ್ಷಣ ಇಲಾಖೆಯ ಲಾಂಛನದಲ್ಲಿದೆ. ನಿಮ್ಮ ತಮ್ಮ ಶಾಲಾ ಮಕ್ಕಳ ಟೋಪಿಯ ಮೇಲೆ ಅದನ್ನು ದಿನವೂ ನೋಡಿರುತ್ತಾರೆ.

ದುಡ್ಡಿನ ವಿಷಯದಲ್ಲಿ ಅವರು ತುಂಬಾ ಕಟ್ಟುನಿಟ್ಟು. ಸರ್ಕಾರದ ಅನುದಾನ ಒಂದು ಕಾಸೂ ಬೇಡ. ಅದೇ ಕಾಲದಲ್ಲಿ ಮುಹಮ್ಮದಿಯಾ ಅನ್ನುವ ಮುಸ್ಲಿಂ ಸಂಸ್ಥೆ ಅನುದಾನ ಪಡೆದು ನೂರಾರು ಶಾಲೆ ನಡೆಸುತ್ತಿತ್ತು, ಅದರಲ್ಲೇನೂ ತಪ್ಪಿಲ್ಲ. ಆದರೆ ದುಡ್ಡು ಕೊಟ್ಟವನು ನಾಳೆ ಪಾಠವನ್ನೂ ಹೇಳಿಕೊಡುತ್ತಾನೆ ಅನ್ನುವುದು ಸುವರ್ದಿ ಅವರ ಲೆಕ್ಕ. ಹಾಗಾಗಿ ಮೇಷ್ಟ್ರುಗಳು ಸಂಬಳ ಅನ್ನುವುದಕ್ಕಿಂತ ಹೊಟ್ಟೆಪಾಡಿಗೆ ಸಾಕಾಗುವಷ್ಟು ಪಡೆಯುತ್ತಿದ್ದರು. ಶಾಲೆ ಒಂದು ಕುಟುಂಬ, ಇಲ್ಲಿ ಒಡೆಯನೂ ಇಲ್ಲ, ಆಳೂ ಇಲ್ಲ ಅನ್ನುವ ಮಾತು. ಕೇಳಲು ಚೆಂದ, ಅದನ್ನೇ ಬದುಕಿದ ಮೇಷ್ಟ್ರ ಹೆಂಡತಿ ಮಕ್ಕಳ ಪಾಡನ್ನೂ ಯೋಚಿಸಬೇಕು. ಆದರೂ ಜನ ಬಂದರು. 1932ರ ಹೊತ್ತಿಗೆ ಸುಮಾರು 166 ಶಾಲೆಗಳು, 11,000 ಮಕ್ಕಳು.

ನಡುವೆ 1928ರ ಫೆಬ್ರವರಿಯಲ್ಲಿ, ಜಾವಾ ಪಂಚಾಂಗದ ಲೆಕ್ಕದಲ್ಲಿ 40 ತುಂಬಿದಾಗ, ಅವರು ರಾಜಮನೆತನದ ಬಿರುದು ಬಿಟ್ಟು ಕಿ ಹಜರ್ ದೇವಾಂತರ ಆದರು. ಸಾಮಾನ್ಯ ಜನರ ಜೊತೆ ಬೆರೆಯಲು ಬಿರುದು ಅಡ್ಡ ಬರುತ್ತದೆ ಅನ್ನುವುದು ಕಾರಣ.

ಈಗ 1932ಕ್ಕೆ ಬರೋಣ. ಅವರ ರಾಜಕೀಯ ಎಂಥದ್ದು ಅಂತ ತಿಳಿಯಲು ಈ ಒಂದು ಘಟನೆ ಸಾಕು.

ಆ ವರ್ಷ ಸೆಪ್ಟೆಂಬರಿನಲ್ಲಿ ಸರ್ಕಾರ ಒಂದು ಸುಗ್ರೀವಾಜ್ಞೆ ತಂದಿತು. ಅನುದಾನವಿಲ್ಲದ ಖಾಸಗಿ ಶಾಲೆಗಳನ್ನು ಡಚ್ಚರು ಕಾಡು ಶಾಲೆಗಳು ಅಂತ ಕರೆಯುತ್ತಿದ್ದರು, ಸುಗ್ರೀವಾಜ್ಞೆಗೂ ಅದೇ ಹೆಸರು ಅಂಟಿಕೊಂಡಿತು. ಇನ್ನು ಮುಂದೆ ಇಂಥ ಶಾಲೆ ನಡೆಸಲು ಮೊದಲೇ ಅನುಮತಿ ಬೇಕು. ಪಾಠ ಹೇಳುವವರು ಸರ್ಕಾರಿ ಅಥವಾ ಅನುದಾನಿತ ಶಾಲೆಯಲ್ಲಿ ಓದಿದವರಾಗಿರಬೇಕು. ಆರ್ಥಿಕ ಕುಸಿತದಿಂದ ಸರ್ಕಾರವೇ ತನ್ನ ಶಾಲೆಗಳ ಖರ್ಚು ಕಡಿತ ಮಾಡುತ್ತಿದ್ದ ಹೊತ್ತು ಅದು. ತಾನೂ ಕಲಿಸುವುದಿಲ್ಲ, ಕಲಿಸುವವರನ್ನೂ ಬಿಡುವುದಿಲ್ಲ!

ಕಾನೂನು ಜಾರಿಗೆ ಬಂದ ದಿನ, ಅಕ್ಟೋಬರ್ 1ರಂದೇ, ದೇವಾಂತರ ಗವರ್ನರ್ ಜನರಲ್ ಡಿ ಯೋಂಗೆ ಅವರಿಗೆ ಟೆಲಿಗ್ರಾಂ ಕಳಿಸಿದರು. ನಮ್ಮ ಬದುಕನ್ನೇ ಮುಟ್ಟುವ ಕಾನೂನನ್ನು ನಮ್ಮನ್ನು ಕೇಳದೆ ತಂದಿದ್ದೀರಿ, ಹಿಂದಕ್ಕೆ ಪಡೆಯದಿದ್ದರೆ ಶಾಂತವಾಗಿ ಆದರೆ ಕೊನೆವರೆಗೆ ಪ್ರತಿರೋಧಿಸುತ್ತೇವೆ ಅನ್ನುವುದು ಸಾರಾಂಶ. ಅಂದರೆ ಅನುಮತಿ ಕೇಳುವುದಿಲ್ಲ, ಪಾಠ ನಿಲ್ಲಿಸುವುದಿಲ್ಲ, ಶಿಕ್ಷೆ ಬಂದರೆ ಅನುಭವಿಸುತ್ತೇವೆ. ಗಾಂಧೀಜಿಯವರ ಚಳವಳಿಯ ಸುದ್ದಿ ಅಲ್ಲಿನ ಪತ್ರಿಕೆಗಳಲ್ಲಿ ಧಾರಾಳವಾಗಿ ಬರುತ್ತಿತ್ತು, ಈ ಬಗೆಯ ಹೋರಾಟ ಅವರಿಗೆ ಹೊಸದೇನಲ್ಲ.

ಆಮೇಲೆ ನಡೆದದ್ದನ್ನು ಸರ್ಕಾರ ಊಹಿಸಿರಲಿಲ್ಲ. ಒಬ್ಬರ ಮುಖ ಒಬ್ಬರು ನೋಡದ ಸಂಘಟನೆಗಳೆಲ್ಲ ಒಂದೇ ಕಡೆ ನಿಂತವು. ಬೂದಿ ಉತೊಮೊ, ಮುಹಮ್ಮದಿಯಾ, ರಾಷ್ಟ್ರೀಯವಾದಿ ಪಕ್ಷಗಳು, ಮುಸ್ಲಿಂ ಸಂಘಟನೆಗಳು, ಸರ್ಕಾರದ ಜೊತೆ ಸಹಕರಿಸುವವರು, ಸಹಕರಿಸದವರು. ಸಲಹಾ ಸಭೆಯಾದ ಫೋಕ್ಸ್‌ರಾದ್‌ನಲ್ಲೂ ವಿರೋಧ ಎದ್ದಿತು. 1933ರ ಫೆಬ್ರವರಿಯಲ್ಲಿ ಸರ್ಕಾರ ಆ ಕಾನೂನನ್ನು ತಡೆಹಿಡಿಯಬೇಕಾಯಿತು.

ಈ ಗೆಲುವನ್ನು ಅದರ ಕಾಲದಲ್ಲಿಟ್ಟು ನೋಡಿ. ಡಿ ಯೋಂಗೆ ಬಹಳ ಬಿಗಿ ಮುಷ್ಟಿಯ ಆಡಳಿತಗಾರ. ಅದೇ 1933ರ ಆಗಸ್ಟಿನಲ್ಲಿ, ಮುಂದೆ ದೇಶದ ಮೊದಲ ಅಧ್ಯಕ್ಷರಾದ ಸುಕಾರ್ನೊ ಬಂಧನವಾಯಿತು, ಮರುವರ್ಷ ಮುಂದೆ ಉಪಾಧ್ಯಕ್ಷರಾದ ಹಟ್ಟಾ ಬಂಧನ, ಇಬ್ಬರೂ ದೂರದ ದ್ವೀಪಗಳಿಗೆ. ಪಕ್ಷಗಳು ಒಂದೊಂದಾಗಿ ಸದ್ದಡಗಿದವು. 1930ರ ದಶಕದಲ್ಲಿ ಆ ಸರ್ಕಾರವನ್ನು ಹಿಂದೆ ಸರಿಸಿದ ಹೋರಾಟ ಯಾವುದು ಅಂತ ಹುಡುಕಿದರೆ ಸಿಗುವುದು ಪ್ರೈಮರಿ ಶಾಲೆ ಮೇಷ್ಟ್ರುಗಳದ್ದು. ಪಕ್ಷದ ಕಚೇರಿಗೆ ಬೀಗ ಹಾಕಬಹುದು. ಮಕ್ಕಳು ಕೂತಿರುವ ತರಗತಿಗೆ ಪೊಲೀಸ್ ಕಳಿಸಿದರೆ ಪ್ರತಿ ಮನೆಯಲ್ಲೂ ಸುದ್ದಿ. 1913ರ ಹುಡುಗನಿಗೆ ಇಲ್ಲದಿದ್ದ ಆಯುಧ 1932ರ ಮೇಷ್ಟ್ರ ಕೈಯಲ್ಲಿತ್ತು.

ಜಪಾನಿಯರ ಕಾಲ ಅಷ್ಟು ಸರಳವಲ್ಲ. 1942ರಲ್ಲಿ ಅವರು ಡಚ್ಚರನ್ನು ಓಡಿಸಿದರು, ಮರುವರ್ಷ ಜನರ ಬೆಂಬಲ ಗಳಿಸಲು ಪುತೆರಾ ಅನ್ನುವ ಸಂಸ್ಥೆ ಮಾಡಿದರು. ಅದರ ಮುಂದಾಳುಗಳು ನಾಲ್ವರು: ಸುಕಾರ್ನೊ, ಹಟ್ಟಾ, ಮುಹಮ್ಮದಿಯಾದ ಮುಖಂಡ ಮಾಸ್ ಮನ್ಸೂರ್ ಮತ್ತು ದೇವಾಂತರ. ಡಚ್ಚರಿಂದ ಬಿಡಿಗಾಸು ಮುಟ್ಟದ ಮನುಷ್ಯ ಜಪಾನಿಯರ ವೇದಿಕೆ ಹತ್ತಿದ್ದು ಯಾಕೆ ಅಂತ ಕೇಳಬಹುದು. ಸ್ವಾತಂತ್ರ್ಯ ಹತ್ತಿರವಾಗುತ್ತದೆ ಅನ್ನುವ ಲೆಕ್ಕಾಚಾರ ಆ ನಾಲ್ವರದ್ದೂ ಆಗಿತ್ತು. ಅದೇ ಆಡಳಿತ ಲಕ್ಷಾಂತರ ಜನರನ್ನು ಬಿಟ್ಟಿ ದುಡಿಮೆಗೆ ಎಳೆದೊಯ್ದದ್ದೂ ನಿಜ. ನನಗೆ ಇದು ಅವರ ಬದುಕಿನ ಅತಿ ದುರ್ಬಲ ಭಾಗವಾಗಿ ಕಾಣುತ್ತದೆ. ಜಯಂತಿ ಭಾಷಣಗಳಲ್ಲಿ ಇದನ್ನು ಬೇಗ ದಾಟಿಬಿಡುತ್ತಾರೆ.

1945ರ ಆಗಸ್ಟ್ 17ರಂದು ಸ್ವಾತಂತ್ರ್ಯ ಘೋಷಣೆ. ಮೊದಲ ಸಂಪುಟದಲ್ಲಿ ದೇವಾಂತರ ಶಿಕ್ಷಣ ಮಂತ್ರಿ. ನವೆಂಬರ್ 14ಕ್ಕೆ ಪ್ರಧಾನಿ ಶಹರೀರ್ ಅವರ ಹೊಸ ಸಂಪುಟ ಬಂತು, ಇವರ ಕುರ್ಚಿ ಹೋಯಿತು. ಇದರಲ್ಲಿ ಇವರ ಸೋಲೇನಿಲ್ಲ, ಇಡೀ ಸಂಪುಟವೇ ಬದಲಾಗಿತ್ತು. ಆ ಅವಧಿಯಲ್ಲಿ ಹೊರಡಿಸಿದ್ದು ಶಾಲೆಗಳಿಗೆ ತುರ್ತು ಸೂಚನೆಗಳು: ದಿನಾ ಕೆಂಪು ಬಿಳಿ ಬಾವುಟ ಹಾರಿಸಿ, 'ಇಂಡೋನೇಷ್ಯಾ ರಾಯ' ಹಾಡಿಸಿ, ಜಪಾನಿ ಬಾವುಟ, ಗೀತೆ, ಭಾಷಾ ಪಾಠ ನಿಲ್ಲಿಸಿ. ಖಜಾನೆ ಇಲ್ಲದ, ಯುದ್ಧ ಬಾಗಿಲಲ್ಲಿದ್ದ ದೇಶದಲ್ಲಿ ಇದಕ್ಕಿಂತ ಹೆಚ್ಚು ಆಗುವುದೂ ಕಷ್ಟವಿತ್ತು. 1946ರಲ್ಲಿ ಹೊಸ ದೇಶದ ಶಿಕ್ಷಣ ಹೇಗಿರಬೇಕು ಅಂತ ಯೋಚಿಸಲು ಒಂದು ಸಮಿತಿಯಾಯಿತು, ಅದಕ್ಕೆ ಅವರೇ ಅಧ್ಯಕ್ಷರು.

ಮೇಷ್ಟ್ರಾಗಿದ್ದು ರಾಜಕೀಯಕ್ಕೆ ಬಂದವರು ಅನ್ನುವ ಮಾತು ನಿಜವಾಗಿ ಒಪ್ಪುವುದು ಅವರ ಶಿಷ್ಯವರ್ಗದ ಸರ್ಮಿದಿ ಮಾಂಗುನ್‌ಸರ್ಕೋರೊ ಅವರಿಗೆ. ನೀವು ಓದಿದ ಕಡೆ ಇಬ್ಬರ ಕಥೆ ಬೆರೆತುಹೋಗಿರಬಹುದು. ಸರ್ಮಿದಿ 1904ರಲ್ಲಿ ಸುರಕಾರ್ತದಲ್ಲಿ ಹುಟ್ಟಿದರು, ತಮನ್ ಸಿಸ್ವದಲ್ಲಿ ಪಾಠ ಹೇಳಿದರು. 1928ರ ಅಕ್ಟೋಬರಿನ ಪ್ರಸಿದ್ಧ ಯುವ ಸಮ್ಮೇಳನದಲ್ಲಿ ಶಿಕ್ಷಣದ ಬಗ್ಗೆ ಮಾತಾಡಿದವರಲ್ಲಿ ಅವರೂ ಒಬ್ಬರು. ಸ್ವಾತಂತ್ರ್ಯ ಬಂದ ಮೇಲೆ ರಾಷ್ಟ್ರೀಯವಾದಿ ಪಕ್ಷ ಪಿಎನ್‌ಐನ ಮುಂದಾಳಾಗಿ, 1949ರಿಂದ 1950ರ ನಡುವೆ ಶಿಕ್ಷಣ ಮಂತ್ರಿಯಾದರು. 1950ರ ಮೊದಲ ಶಿಕ್ಷಣ ಕಾನೂನು ಅವರ ಕಾಲದ್ದು. ಇಂಡೋನೇಷ್ಯಾ ಭಾಷೆಯಲ್ಲಿ ಪಾಠ, ಶಿಶುವಿಹಾರ ಮತ್ತು ಮೊದಲ ಮೂರು ತರಗತಿಗಳಲ್ಲಿ ಬೇಕಾದರೆ ಮನೆಮಾತು, 8 ವರ್ಷ ತುಂಬಿದ ಮಗುವಿಗೆ ಕನಿಷ್ಠ ಆರು ವರ್ಷ ಕಡ್ಡಾಯ ಶಾಲೆ, ಸರ್ಕಾರಿ ಶಾಲೆಯಲ್ಲಿ ಧರ್ಮಪಾಠ ಬೇಕೋ ಬೇಡವೋ ಅನ್ನುವುದು ಹೆತ್ತವರ ಇಷ್ಟ. ತಮನ್ ಸಿಸ್ವದ ವಾಸನೆ ಅದರಲ್ಲಿ ಸಾಕಷ್ಟಿದೆ. ಗುರು ಮಂತ್ರಿಯಾಗಿ ಮಾಡಲಾಗದ್ದು ಶಿಷ್ಯನ ಕೈಯಲ್ಲಿ ಕಾನೂನಾಯಿತು. ಸರ್ಮಿದಿ 1957ರಲ್ಲಿ ತೀರಿಕೊಂಡರು. ಅದರ ಹಿಂದಿನ ವರ್ಷ ತಮನ್ ಸಿಸ್ವದವರೇ ಆದ ಸರಿನೊ ಮಾಂಗುನ್‌ಪ್ರಾನೋತೊ ಶಿಕ್ಷಣ ಮಂತ್ರಿಯಾಗಿದ್ದರು.

ದೇವಾಂತರ ತೀರಿಕೊಂಡಿದ್ದು 1959ರ ಏಪ್ರಿಲಿನಲ್ಲಿ. ಅದೇ ವರ್ಷ ರಾಷ್ಟ್ರೀಯ ವೀರ ಅನ್ನುವ ಗೌರವ ಬಂತು. 1998ರ 20,000 ರುಪಿಯಾ ನೋಟಿನ ಮೇಲೂ ಅವರ ಮುಖವಿದೆ. ತಮನ್ ಸಿಸ್ವ ಮಾತ್ರ ಅವರು ತೀರಿಕೊಳ್ಳುವ ಹೊತ್ತಿಗೆ ಹಳೆಯ ಕಳೆ ಕಳೆದುಕೊಂಡಿತ್ತು. ದೇಶವೇ ರಾಷ್ಟ್ರೀಯ ಶಾಲೆ ನಡೆಸುವಾಗ ನಮ್ಮದು ಯಾಕೆ ಅನ್ನುವ ಪ್ರಶ್ನೆ ಸಂಸ್ಥೆಯೊಳಗೇ ಎದ್ದಿತ್ತು. ಇನ್ನೊಂದು ತೊಡಕೂ ಇದೆ. ಕುಟುಂಬ ಅನ್ನುವ ಅವರ ಮಾದರಿಯಲ್ಲಿ ಎಲ್ಲರೂ ಸಮಾನರು, ಆದರೆ ಕೊನೆಯ ಮಾತು ಅಪ್ಪನದು. ಡಚ್ಚರ ಎದುರು ಆ ಕಟ್ಟು ಶಾಲೆಗಳನ್ನು ಉಳಿಸಿತು. ಮುಂದೆ ಅಧ್ಯಕ್ಷ ಸುಹಾರ್ತೊ ಅವರ ಸರ್ಕಾರ ಇದೇ ಕುಟುಂಬದ ಮಾತನ್ನು ಇಡೀ ದೇಶಕ್ಕೆ ಹಚ್ಚಿತು, ಎದುರು ಮಾತಾಡಿದವರನ್ನು ಹಟಮಾರಿ ಮಕ್ಕಳಂತೆ ಕಂಡಿತು. ಅದಕ್ಕೆ ದೇವಾಂತರ ಅವರನ್ನು ಹೊಣೆ ಮಾಡುವುದು ಅನ್ಯಾಯ. ಆದರೆ ಆ ವಿಚಾರದೊಳಗೇ ಅಂಥ ಬಳಕೆಗೆ ಜಾಗವಿತ್ತು ಅನ್ನುವುದನ್ನೂ ಮುಚ್ಚಿಡಬಾರದು.

ಕೊನೆಗೆ ಶಾಂತಿನಿಕೇತನ. ನಕಲು ಅನ್ನುವ ಮಾತು ಸರಿಯಲ್ಲ. ಟ್ಯಾಗೋರ್ ಶಾಲೆ 1901ರದ್ದು, ಅದರ ಬಗ್ಗೆ ದೇವಾಂತರ ಓದಿದ್ದರು, ಮೆಚ್ಚಿದ್ದರು. 1927ರಲ್ಲಿ ಟ್ಯಾಗೋರ್ ಜಾವಾ, ಬಾಲಿ ಪ್ರವಾಸ ಮಾಡಿದಾಗ ಯೋಗ್ಯಕಾರ್ತದ ತಮನ್ ಸಿಸ್ವಕ್ಕೂ ಹೋಗಿದ್ದರು. ಆಗ ಶಾಲೆಗೆ ಆಗಲೇ ಐದು ವರ್ಷ. ಕಲೆ, ಪ್ರಕೃತಿ, ಮನೆಮಾತು, ಮಗುವಿನ ಸ್ವಾತಂತ್ರ್ಯ ಎರಡೂ ಕಡೆ ಇವೆ. ಆದರೆ ಟ್ಯಾಗೋರ್ ರಾಷ್ಟ್ರೀಯತೆ ಅನ್ನುವ ಪದಕ್ಕೇ ಅನುಮಾನಪಟ್ಟವರು, ವಿಶ್ವವನ್ನು ಒಂದೆಡೆ ಸೇರಿಸಲು ಹೊರಟವರು. ದೇವಾಂತರ ಅವರಿಗೆ ಶಾಲೆ ಬೇಕಾಗಿದ್ದೇ ರಾಷ್ಟ್ರ ಕಟ್ಟಲು. ಒಂದು ದೊಡ್ಡ ಆಶ್ರಮದ ಬದಲು ಊರೂರಲ್ಲಿ ನೂರಾರು ಸಣ್ಣ ಶಾಲೆಗಳು ಹುಟ್ಟಿದ್ದೂ ಅದಕ್ಕೇ. ನಂಟಂತೂ ಮುಂದುವರಿಯಿತು. ಚಿತ್ರಕಾರ ರುಸ್ಲಿ 1930ರ ದಶಕದಲ್ಲಿ ಶಾಂತಿನಿಕೇತನದಲ್ಲಿ ಕಲಿತು, ಊರಿಗೆ ಹೋಗಿ ತಮನ್ ಸಿಸ್ವದಲ್ಲಿ ಚಿತ್ರಕಲೆ ಹೇಳಿಕೊಟ್ಟರು.